ಲಸಿಕೆಗೂ ಮುಹೂರ್ತವೇ?

2020ರ ಜುಲೈ 2ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಿಂದ (ಐಸಿಎಂಆರ್) ಹನ್ನೆರಡು ಆಸ್ಪತ್ರೆಗಳಿಗೆ ಪತ್ರ ಹೋಯಿತು. ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯೂ ಅದರಲ್ಲಿತ್ತು. ಕೋವಿಡ್ ಲಸಿಕೆ ಕೋವ್ಯಾಕ್ಸಿನ್‌ನ ಪ್ರಯೋಗಕ್ಕೆ ಜುಲೈ 7ರೊಳಗೆ ಸ್ವಯಂಸೇವಕರ ನೋಂದಣಿ ಶುರುವಾಗಬೇಕು, ಆಗಸ್ಟ್ 15ರೊಳಗೆ ಲಸಿಕೆ ಜನಬಳಕೆಗೆ ಬರಬೇಕು, ತಪ್ಪಿದರೆ ಗಂಭೀರವಾಗಿ ಪರಿಗಣಿಸಲಾಗುವುದು! ಮುಹೂರ್ತ ಇಟ್ಟುಕೊಂಡು ಹೆಣ್ಣು ಹುಡುಕಲು ಹೊರಟ ಹಾಗೆ.

ಲೆಕ್ಕ ಹಾಕಿ ನೋಡಿ. ಮೊದಲ ಹಂತದಲ್ಲಿ ಎರಡು ಡೋಸ್‌ಗಳ ನಡುವೆ 14 ದಿನ. ಆಮೇಲೆ ರಕ್ತ ಪರೀಕ್ಷೆಗೆ ಇನ್ನೊಂದು 14 ದಿನ. ಜುಲೈ 7ರಂದೇ ಎಲ್ಲರಿಗೂ ಚುಚ್ಚಿದ್ದರೂ ಆಗಸ್ಟ್ 4 ಬಂತು. ಉಳಿದ 11 ದಿನದಲ್ಲಿ ಎರಡನೆಯ, ಮೂರನೆಯ ಹಂತ ಮುಗಿಯಬೇಕಿತ್ತೇ? ಇದು ಆಗಹೋಗದ ಮಾತು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಆಗಲೇ ಹೇಳಿತು. ಕೆಂಪುಪಟ್ಟಿ ತಪ್ಪಿಸಲು ಆ ಪತ್ರ ಬರೆದದ್ದು ಎಂದು ಐಸಿಎಂಆರ್ ಸಮಜಾಯಿಷಿ ಕೊಟ್ಟಿತು. ಕಡತವನ್ನು ಓಡಿಸಬಹುದು ಸ್ವಾಮಿ, ಮನುಷ್ಯನ ರಕ್ತದಲ್ಲಿ ಪ್ರತಿಕಾಯ ಆದೇಶಕ್ಕೆ ಹೆದರಿ ಹುಟ್ಟುವುದಿಲ್ಲ.

ಕಾಯುವುದೇಕೆ ಎನ್ನುವವರು 1960ರ ದಶಕದ ಅಮೆರಿಕವನ್ನು ನೆನೆಯಲಿ. ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ಎಂಬ ವೈರಸ್ ವಿರುದ್ಧ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು ಹಸುಗೂಸುಗಳಿಗೆ ಕೊಟ್ಟರು. ಪ್ರತಿಕಾಯಗಳೂ ಹುಟ್ಟಿದವು. ಆದರೆ ನಿಜವಾದ ವೈರಸ್ ಬಂದಾಗ, ಲಸಿಕೆ ಪಡೆದು ಸೋಂಕು ತಗಲಿಸಿಕೊಂಡ ಕೂಸುಗಳಲ್ಲಿ ಶೇ 80ರಷ್ಟು ಆಸ್ಪತ್ರೆ ಸೇರಿದವು. ಆ ಲಸಿಕೆ ಪಡೆಯದವುಗಳಲ್ಲಿ ಶೇ 5 ಮಾತ್ರ. ಎರಡು ಕೂಸುಗಳು ತೀರಿಕೊಂಡವು. ಆರ್‌ಎಸ್‌ವಿಗೆ ಅನುಮತಿ ಪಡೆದ ಮೊದಲ ಲಸಿಕೆ ಬಂದದ್ದು 2023ರಲ್ಲಿ.

ಕೋವ್ಯಾಕ್ಸಿನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸುಮಾರು 25,800 ಮಂದಿಯ ಮೂರನೆಯ ಹಂತ ಮುಗಿದಾಗ ಅದರ ಪರಿಣಾಮಕಾರಿತ್ವ ಶೇ 77.8 ಎಂದು ಗೊತ್ತಾಯಿತು. ನನ್ನ ತಕರಾರು, ಆ ಫಲಿತಾಂಶ ಕೈಗೆ ಬರುವ ಮೊದಲೇ, 2021ರ ಜನವರಿ 3ರಂದು ಅನುಮತಿ ಕೊಟ್ಟದ್ದಕ್ಕೆ. ಅನುಮತಿ ಪಡೆದ ಲಸಿಕೆಗಳು ‘ಶೇ 110ರಷ್ಟು ಸುರಕ್ಷಿತ’ ಎಂದರು ಔಷಧ ಮಹಾನಿಯಂತ್ರಕರು. ನೂರರ ಮೇಲಿನ ಆ ಹತ್ತು ಯಾವ ಪ್ರಯೋಗಾಲಯದ್ದೋ! ಮಧ್ಯಂತರ ಫಲಿತಾಂಶ ಮಾರ್ಚ್ 3ಕ್ಕೇ ಬಂತು. ಕಾಯಬೇಕಿದ್ದದ್ದು ಎರಡು ತಿಂಗಳು. ಇನ್ನೊಂದು ತಕರಾರು ಮುಚ್ಚುಮರೆಯದ್ದು: ಮೊದಲ ಹಂತದ 375 ಮಂದಿಯಲ್ಲಿ ಒಬ್ಬರು 2020ರ ಆಗಸ್ಟ್‌ನಲ್ಲಿ ಆಸ್ಪತ್ರೆ ಸೇರಿದ್ದರು. ಲಸಿಕೆಗೂ ಅದಕ್ಕೂ ಸಂಬಂಧವಿಲ್ಲವೆಂದು ತೀರ್ಮಾನವಾಯಿತು, ಸರಿ. ಆದರೆ ಜನರಿಗೆ ವಿಷಯ ತಿಳಿದದ್ದು ನವೆಂಬರಿನಲ್ಲಿ.

ಪ್ರಶ್ನೆ ಕೇಳಿದವರಿಗೆಲ್ಲ ಆಗ ಲಸಿಕೆ ವಿರೋಧಿಗಳೆಂಬ ಹಣೆಪಟ್ಟಿ ಅಂಟಿಸಲಾಯಿತು. ಮುಂದಿನ ಸಲವಾದರೂ ದಿನಾಂಕ ಘೋಷಿಸುವ ಮೊದಲು ಮೊದಲ ಹಂತದ ಅಂಕಿಅಂಶಗಳನ್ನು ಜನರ ಮುಂದಿಡಿ.