ದೋಸೆಯನ್ನು ದೋಸೆ ಎನ್ನಲು ನಾಚಿಕೆಯೇ?



ಶನಿವಾರ ಬಂತೆಂದರೆ ಬೆಲ್‌ವ್ಯೂ, ರೆಡ್ಮಂಡ್ ಹೋಟೆಲುಗಳ ಮುಂದೆ ನಮ್ಮವರದೇ ಸಾಲು. ಮೆನುವಿನಲ್ಲಿ "ಮೈಸೂರ್ ಮಸಾಲಾ ದೋಸಾ" ಎಂದಿರುತ್ತದೆ. ಹುಟ್ಟಾ ಮೈಸೂರಿನವರೂ "ದೋಸಾ" ಎಂದೇ ಕೇಳಿ ತಿನ್ನುತ್ತಾರೆ! ಬಿಸಿಬೇಳೆಬಾತು "ಸಾಂಬಾರ್ ರೈಸ್" ಆದರೂ ಯಾರೂ ತುಟಿಪಿಟಕ್ಕೆನ್ನುವುದಿಲ್ಲ.

"ಹೊಟ್ಟೆ ತುಂಬಿದರೆ ಸಾಕು, ಹೆಸರಲ್ಲೇನಿದೆ?" ಅನ್ನುತ್ತೀರಾ? 1976ರಲ್ಲಿ ತೋಶಿ ಕಸಾಹಾರ ಎಂಬ ಜಪಾನಿನವರು ಸಿಯಾಟಲ್‌ನಲ್ಲಿ ಪುಟ್ಟ ಟೆರಿಯಾಕಿ ಅಂಗಡಿ ತೆರೆದರು. ಅಮೆರಿಕದವರ ನಾಲಿಗೆಗೆ ಕಷ್ಟವಾದೀತೆಂದು ಹೆಸರು ಬದಲಿಸಲಿಲ್ಲ. ಇಂದು ಟೆರಿಯಾಕಿ ಈ ಊರಿನದೇ ತಿಂಡಿ ಎನಿಸಿದೆ. ವಿಯೆಟ್ನಾಮಿನವರ "ಫೋ" ಕೂಡ ಹಾಗೆಯೇ. ಅವರಿಗಿಲ್ಲದ ಸಂಕೋಚ ನಮಗೇಕೆ?

ತಪ್ಪು ಹೋಟೆಲಿನವರದಲ್ಲ. ಗಿರಾಕಿ ಕೇಳಿದ್ದನ್ನು ಅವರು ಬರೆಯುತ್ತಾರೆ. ಕೇಳಬೇಕಾದವರು ನಾವು!

ಮುಂದಿನ ಸಲ "ದೋಸೆ ಕೊಡಿ" ಎನ್ನಿ. ಬಿಸಿಬೇಳೆಬಾತು, ರವೆ ಇಡ್ಲಿ, ಅಕ್ಕಿ ರೊಟ್ಟಿ ಇದೆಯೇ ಎಂದು ಹೆಸರು ಹಿಡಿದೇ ವಿಚಾರಿಸಿ. ಆಫೀಸಿನ ಗೆಳೆಯರನ್ನು ಕರೆದೊಯ್ದು, ಇದು ಕರ್ನಾಟಕದ ಊಟವೆಂದು ಹೇಳಿ. ಪಕ್ಕದಲ್ಲಿ ಕೂತ ನಿಮ್ಮ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಇಲ್ಲಿ ಹುಟ್ಟಿದ ಆ ಮಗುವಿಗೆ ದೋಸೆ ಎಂಬ ಪದ ನಿಮ್ಮಿಂದಲ್ಲದೆ ಇನ್ನಾರಿಂದ ಸಿಗಬೇಕು?

ಏನಂತೀರಿ?