ಎಣಿಸುವವರ ಹೊಣೆ

ಅಂತರಜಾಲದ ಯಾವುದೇ ಪುಟವನ್ನು ನಾವು ತೆರೆದಾಗ, ಅದನ್ನು ಒದಗಿಸುವ ಗಣಕಯಂತ್ರವು ತನ್ನ ದಾಖಲೆಯಲ್ಲಿ ಒಂದು ಸಾಲನ್ನು ಬರೆದಿಟ್ಟುಕೊಳ್ಳುವುದು ರೂಢಿ. ಕೇಳಿದ ಯಂತ್ರದ ವಿಳಾಸ, ಕೇಳಿದ ದಿನ ಮತ್ತು ವೇಳೆ, ಪುಟದ ಹೆಸರು, ಅದು ದೊರೆತರೆ 200, ದೊರೆಯದಿದ್ದರೆ 404 ಎಂಬ ಸಂಕೇತ, ಇವೇ ಆ ಸಾಲಿನ ಮುಖ್ಯಾಂಶಗಳು. ಒಂದು ಸಾಲಿನಿಂದ ತಿಳಿಯುವುದು ಅತ್ಯಲ್ಪ. ಕೋಟ್ಯಂತರ ಸಾಲುಗಳಿಂದ ತಿಳಿಯುವುದು ಅಪಾರ. ಆದರೆ ಅಷ್ಟನ್ನೂ ಒಂದೇ ಯಂತ್ರವು ಓದಿ ಮುಗಿಸುವುದೆಂತು?

2004ರಲ್ಲಿ ಗೂಗಲ್ ಸಂಸ್ಥೆಯ ಜೆಫ್ರಿ ಡೀನ್ ಮತ್ತು ಸಂಜಯ್ ಘೆಮಾವತ್ ಅವರು ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. 'ಮ್ಯಾಪ್‌ರೆಡ್ಯೂಸ್' ಎಂಬುದು ಅದರ ಹೆಸರು. ಜನಗಣತಿಯಲ್ಲಿ ಪ್ರತಿಯೊಬ್ಬ ಗಣತಿದಾರನೂ ತನ್ನ ಪಾಲಿನ ಮನೆಗಳನ್ನಷ್ಟೇ ಎಣಿಸುವನಲ್ಲವೆ? ಹಾಗೆಯೇ ಇಲ್ಲಿ ದಾಖಲೆಯನ್ನು ತುಂಡುಮಾಡಿ ಅನೇಕ ಯಂತ್ರಗಳಿಗೆ ಹಂಚುತ್ತಾರೆ. ಯಂತ್ರವು ಪ್ರತಿ ಸಾಲಿಗೂ ಒಂದು ಚೀಟಿ ಬರೆಯುತ್ತದೆಂದು ಭಾವಿಸೋಣ: ತಲೆಯಲ್ಲಿ ಪುಟದ ಹೆಸರು, ಕೆಳಗೆ 1. ಒಂದೇ ಹೆಸರಿನ ಚೀಟಿಗಳನ್ನೆಲ್ಲ ಒಂದೆಡೆ ತಂದು ಕೂಡಿದರೆ ಆ ಪುಟವನ್ನು ಎಷ್ಟು ಬಾರಿ ಕೇಳಿದರೆಂಬುದು ತಿಳಿಯುತ್ತದೆ. ನಡುವೆ ಯಂತ್ರವೊಂದು ಕೆಟ್ಟರೆ ಅದರ ಪಾಲನ್ನು ಮತ್ತೊಂದಕ್ಕೆ ವಹಿಸಲಾಗುವುದು. 2006ರಲ್ಲಿ ಹಡೂಪ್ ಎಂಬ ಮುಕ್ತ ತಂತ್ರಾಂಶವು ಈ ವಿಧಾನವನ್ನು ಎಲ್ಲರ ಕೈಗೂ ಎಟುಕಿಸಿತು.

ಯಾವ ಪುಟ ಕಾಣೆಯಾಗಿದೆ, ಯಾವ ಹೊತ್ತಿನಲ್ಲಿ ಜನ ಹೆಚ್ಚು ಎಂಬುದನ್ನು ಅರಿಯಲು ಈ ಎಣಿಕೆ ಬೇಕೇ ಬೇಕು. ಆದರೆ ಚೀಟಿಯ ತಲೆಯಲ್ಲಿ ಪುಟದ ಹೆಸರಿನ ಬದಲು ಓದುಗನ ಗುರುತನ್ನು ಬರೆದರೆ ಏನಾದೀತು? ವಿಧಾನ ಅದೇ, ಫಲ ಮಾತ್ರ ಬೇರೆ. ಪುಟಗಳ ಲೆಕ್ಕವಾಗಬೇಕಿದ್ದುದು ಮನುಷ್ಯನ ದಿನಚರಿಯಾಗಿಬಿಡುತ್ತದೆ.

ಇದು ಬರಿಯ ಊಹೆಯಲ್ಲ. 2006ರ ಆಗಸ್ಟಿನಲ್ಲಿ ಅಮೆರಿಕದ ಎಓಎಲ್ ಸಂಸ್ಥೆಯು ಸಂಶೋಧಕರ ಉಪಯೋಗಕ್ಕೆಂದು ಸುಮಾರು ಆರೂವರೆ ಲಕ್ಷ ಜನರ ಮೂರು ತಿಂಗಳ ಹುಡುಕಾಟಗಳ ದಾಖಲೆಯನ್ನು ಬಹಿರಂಗಪಡಿಸಿತು. ಹೆಸರುಗಳನ್ನು ಅಳಿಸಿ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಕೊಟ್ಟಿದ್ದರು. ಆದರೂ ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ಸಂಖ್ಯೆಯ ಕೆಳಗೆ ಕಲೆತಿದ್ದ ಪ್ರಶ್ನೆಗಳನ್ನು ಓದಿ, ಅವನ್ನು ಕೇಳಿದ ಮಹಿಳೆಯ ಮನೆಯನ್ನೇ ಕಂಡುಹಿಡಿದರು!

ಅಪರಾಧಿಗಳನ್ನು ಪತ್ತೆಹಚ್ಚಲು ದಾಖಲೆಗಳು ಬೇಡವೆ ಎಂದು ಕೆಲವರು ಕೇಳಬಹುದು. ಬೇಕು, ನಿಜ. ನಮ್ಮ ದೇಶದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನವು ದಾಖಲೆಗಳನ್ನು 180 ದಿನ ಕಾಪಿಡಬೇಕೆಂದು ವಿಧಿಸಿತು. ಆದರೆ ಕಾವಲಿಗಾಗಿ ಇಟ್ಟುಕೊಂಡುದನ್ನು ಕುತೂಹಲಕ್ಕಾಗಿ ಬಿಚ್ಚುವುದು ನ್ಯಾಯವಲ್ಲ. ಎಣಿಕೆಗೆ ಮುನ್ನ ಓದುಗರ ವಿಳಾಸಗಳನ್ನು ತೆಗೆದುಹಾಕಬೇಕು; ಕಾನೂನಿನ ಅವಧಿ ಮುಗಿದೊಡನೆ ಮೂಲ ದಾಖಲೆಯನ್ನು ಅಳಿಸಬೇಕು. ಇದು ನಮ್ಮ ಅಭಿಪ್ರಾಯ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಇಂತಹ ಲೆಕ್ಕಗಳನ್ನು ಮಾಡುವವರೇ. ಚೀಟಿಯ ತಲೆಯಲ್ಲಿ ಏನು ಬರೆಯಬೇಕೆಂಬುದನ್ನು ಯಂತ್ರವು ತಾನಾಗಿ ನಿರ್ಧರಿಸದು, ನಿರ್ಧರಿಸುವವರು ನೀವು. ಮೊದಲ ಸಾಲನ್ನು ಬರೆಯುವ ಮುನ್ನ ಒಂದು ಕ್ಷಣ ನಿಂತು ಆಲೋಚಿಸಿರಿ.