ಮಣ್ಣಿಗೆ ಹಾಕುವ ಹೆಪ್ಪು

ರಾತ್ರಿ ಹಾಲಿಗೆ ಬೆರೆಸಿದ ಒಂದು ಚಮಚ ಹೆಪ್ಪು ಬೆಳಗಾಗುವಷ್ಟರಲ್ಲಿ ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುತ್ತದೆ. ಕಣ್ಣಿಗೆ ಕಾಣದ ಜೀವಿಗಳ ಕೆಲಸವದು. ಹೊಲದ ಮಣ್ಣಿಗೂ ಇಂಥ ಹೆಪ್ಪುಂಟು.

ಹೂಬಿಡುವ ಕಾಲದಲ್ಲಿ ಅಲಸಂದೆಯ ಗಿಡವೊಂದನ್ನು ಮಣ್ಣುಸಹಿತ ಎತ್ತಿ ತೊಳೆದರೆ, ಬೇರಿನ ಮೇಲೆ ಸಣ್ಣ ಗಂಟುಗಳು ಕಾಣುತ್ತವೆ. ಅವು ರೋಗವಲ್ಲ, ಗಿಡದ ಐಶ್ವರ್ಯ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡವು ಅದನ್ನು ನೇರವಾಗಿ ಉಣ್ಣಲಾರದು. ಗಂಟಿನಲ್ಲಿ ಮನೆಮಾಡಿದ ರೈಜೋಬಿಯಮ್ ಎಂಬ ಸೂಕ್ಷ್ಮಾಣುಗಳು ಅದನ್ನು ಗಿಡದ ಆಹಾರವಾಗಿ ಮಾರ್ಪಡಿಸುತ್ತವೆ. ಗಿಡವು ಅವಕ್ಕೆ ಸಕ್ಕರೆಯನ್ನು ಉಣಿಸುತ್ತದೆ. ಕಾರ್ಖಾನೆಯಲ್ಲಿ ಪ್ರಚಂಡ ಶಾಖವನ್ನೂ ಒತ್ತಡವನ್ನೂ ಬೇಡುವ ಈ ಕಾರ್ಯ ಬೇರಿನಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ 1888ರಲ್ಲಿ ಈ ಗುಟ್ಟನ್ನು ವಿವರವಾಗಿ ಪ್ರಕಟಿಸಿದರು. ಅದೇ ವರ್ಷ ಹಾಲೆಂಡಿನ ಬೈಯರಿಂಕ್ ಆ ಜೀವಿಯನ್ನು ಬೇರ್ಪಡಿಸಿದರು.

ಕೊಟ್ಟಿಗೆಯ ಗೊಬ್ಬರ ಕಾಣದೆ, ಕೂಳೆಯನ್ನೂ ಸುಡಿಸಿಕೊಂಡು, ವರುಷ ವರುಷವೂ ಒಂದೇ ಬೆಳೆ ಹೊತ್ತ ನೆಲದಲ್ಲಿ ಇಂಥ ಜೀವಿಗಳು ಕ್ಷೀಣಿಸುತ್ತವೆ. ಅಂಥ ನೆಲದ ರೈತನಿಗೆ ಜೈವಿಕ ಗೊಬ್ಬರದ ಪೊಟ್ಟಣ ಆಸರೆಯಾಗಬಲ್ಲುದು. ಆರಿದ ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ತಡಮಾಡದೆ ಬಿತ್ತಬೇಕು. ಬಿಸಿಲಿಗಿಟ್ಟರೆ ಜೀವಿಗಳು ಸಾಯುತ್ತವೆ. ಕುದಿಯುವ ಹಾಲಿಗೆ ಹೆಪ್ಪು ಹಾಕುವ ಗೃಹಿಣಿಯುಂಟೆ? ಬೆಳೆಯನ್ನೂ ಅರಿತಿರಬೇಕು. ಸೋಯಾ ಅವರೆಗೆ ಒಗ್ಗುವ ಜೀವಿ ಕಡಲೆಗೆ ಒಗ್ಗದು; ರಾಗಿ, ಜೋಳಗಳಿಗೆ ಅಜೋಸ್ಪಿರಿಲಮ್ ಎಂಬ ಬೇರೊಂದು ಜೀವಿಯೇ ಬೇಕು.

ಇಷ್ಟು ಮಾಡಿದರೂ ಫಲ ಕಾಣದೆ, ಪೊಟ್ಟಣವೇ ಮೋಸವೆಂದು ನಿಟ್ಟುಸಿರಿಡುವ ರೈತರುಂಟು. ಎಷ್ಟೋ ವೇಳೆ ತಪ್ಪು ಪೊಟ್ಟಣದ್ದಲ್ಲ. ಹೆಪ್ಪು ಎಷ್ಟೇ ಒಳ್ಳೆಯದಿರಲಿ, ನೀರಿಗೆ ಹಾಕಿದರೆ ಮೊಸರಾದೀತೆ? ಮಣ್ಣಿನ ಜೀವಿಗಳಿಗೆ ಸಗಣಿ ಗೊಬ್ಬರ, ಕೊಳೆತ ಎಲೆ, ಹಸಿರೆಲೆ ಗೊಬ್ಬರಗಳೇ ಹಾಲು. ತೇವವೂ ಗಾಳಿಯೂ ಇರಬೇಕು. ಯೂರಿಯಾವನ್ನು ಮಿತಿಮೀರಿ ಸುರಿದರೆ, ಬಿಟ್ಟಿ ಊಟ ಸಿಕ್ಕ ಗಿಡವು ಗಂಟು ಕಟ್ಟುವ ಗೊಡವೆಗೇ ಹೋಗದು. ಸೊರಗಿದ ನೆಲ ಒಂದೇ ಮಳೆಗಾಲದಲ್ಲಿ ಚೇತರಿಸಿಕೊಳ್ಳುವುದೂ ಇಲ್ಲ. ಕಾಳಿನ ಬೆಳೆಯ ಸರದಿಯೂ ಗೊಬ್ಬರದ ಆರೈಕೆಯೂ ಹಲವು ವರ್ಷ ನಡೆಯಬೇಕು.

ಹೆಪ್ಪು ಹಿಡಿದಿದೆಯೇ ಎಂಬುದನ್ನು ರೈತನೇ ಪರೀಕ್ಷಿಸಬಹುದು. ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಜೀವಿಗಳು ದುಡಿಯುತ್ತಿವೆ ಎಂದರ್ಥ. ಬಿಳುಪಾಗಿಯೋ ಹಸಿರಾಗಿಯೋ ಇದ್ದರೆ, ಮುಂದಿನ ಬಿತ್ತನೆಗೆ ಮೊದಲು ಮಣ್ಣಿನ ಹಸಿವನ್ನು ವಿಚಾರಿಸಬೇಕು.